ತಲೆ ತರುವ ಬುಧವಾರ

ಈಗ ನನ್ನ ಹತ್ತಿರ ಪಾರ್ಲರ್ ಕೆಲಸ ಕಲಿಯಲು ಬರುವ ಹುಡುಗಿಯರು ಒಂದು ಪ್ರಶ್ನೆಯನ್ನು ತಪ್ಪದೇ ಕೇಳುತ್ತಾರೆ. ತಿಂಗಳೆರಡು ಕಳೆದಿರುತ್ತದೆ, ಹೆಬ್ಬೆರಳಿಗೆ ಬೊಬ್ಬೆ ಬಂದಿರುತ್ತದೆ, ಕತ್ತರಿಸಿದ್ದೆಲ್ಲ ಸೊಟ್ಟಗಾಗಿರುತ್ತದೆ. ಅಳುಮೋರೆ ಹಾಕಿಕೊಂಡು ಬಂದು ನಿಲ್ಲುತ್ತಾರೆ. "ಯಕ್ಕಾ, ನಿಮಗ ಬ್ಯಾಸರ ಬರಲಿಲ್ಲೇನ್ರಿ? ಹುರುಪು ಹೆಂಗ ಉಳಿಸ್ಕೊಂಡ್ರಿ?" ಅವರ ಮೊಬೈಲಿನಲ್ಲಿ ದಿನಾ ಯಾರೋ ಒಬ್ಬರು ಕನಸು, ಗುರಿ, ಛಲ ಅಂತ ಉಪದೇಶ ಮಾಡುತ್ತಿರುತ್ತಾರೆ. ನಾನೂ ಅಂಥದ್ದೇ ಒಂದು ಮಾತು ಹೇಳಲಿ ಎಂದು ಕಾಯುತ್ತಾರೆ. ಹುರುಪೂ ಇಲ್ಲ ಗಿರುಪೂ ಇಲ್ಲ, ಸಿಟ್ಟಿತ್ತು, ಹೊಟ್ಟೆಕಿಚ್ಚಿತ್ತು, ಅದರ ಮೇಲೆಯೇ ಆರು ತಿಂಗಳು ಬದುಕಿದೆ ಅನ್ನುತ್ತೇನೆ. ಅವರು ತಮಾಷೆ ಅಂದುಕೊಂಡು ನಗುತ್ತಾರೆ. ಉಳಿದದ್ದನ್ನು ಅವರಿಗೆ ಹೇಳಿಲ್ಲ.

ನಾನು ಕಲಿತದ್ದು ರಾಣೆಬೆನ್ನೂರಿನಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಎರಡು ಕೋಣೆ, ನಾಲ್ಕು ಕುರ್ಚಿ, ತಲೆ ತೊಳೆಯಲು ಒಂದು ಬೇಸಿನ್, ಎಂಟು ಹುಡುಗಿಯರು. ಕ್ಲಾಸು ನಡೆಸುತ್ತಿದ್ದ ಮೇಡಂ ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಕತ್ತರಿ ಹಿಡಿದು ಬಂದವರು. ಕೈ ಬಂಗಾರ, ಬಾಯಿ ಬಚ್ಚಲು. ಗೋಡೆಯ ಮೇಲೆ ನಗುತ್ತಿರುವ ಹೆಣ್ಣುಗಳ ಚಿತ್ರ, ಅವುಗಳ ಕೆಳಗೆ 'ನಿನ್ನನ್ನು ನೀನು ನಂಬು' ಎಂದು ಬರೆದ ಹಾಳೆ. ಅದರ ಕೆಳಗೆ ನಿಂತೇ ಮೇಡಂ, "ನಿನ್ನ ಕೈಯಾಗ ಕತ್ತರಿ ಕೊಡೂದಕ್ಕಿಂತ ಕುರಿ ಕಾಯೂ ಕೋಲು ಕೊಡೂದು ಚಲೋ" ಅನ್ನುತ್ತಿದ್ದರು.

ಎಂಟು ಜನಕ್ಕೆ ಇದ್ದದ್ದು ಒಂದೇ ಪ್ಲಾಸ್ಟಿಕ್ ತಲೆ. ನಮ್ಮ ಹಿಂದಿನ ಬ್ಯಾಚಿನವರು ಅದನ್ನು ಬೋಳು ಮಾಡಿಯೇ ಹೋಗಿದ್ದರು. ಹಾಗಾಗಿ ಕ್ಲಾಸಿನಲ್ಲಿ ಒಂದು ಕಾನೂನಿತ್ತು: ಪ್ರತಿ ಬುಧವಾರ ಪ್ರತಿಯೊಬ್ಬಳೂ ಒಂದು ತಲೆ ತರಬೇಕು. ತಲೆ ಎಂದರೆ ಜೀವಂತ ಹೆಂಗಸು. ಅಕ್ಕನೋ ತಂಗಿಯೋ ನೆರೆಮನೆಯವಳೋ, ಕೂದಲು ಕೊಡಲು ಒಪ್ಪಿದ ಯಾರಾದರೂ ಸರಿ. "ಪ್ಲಾಸ್ಟಿಕ್ ತಲಿ ಅಳೂದಿಲ್ಲ. ಅಳೂ ತಲಿ ಮ್ಯಾಲ ಕಲತರನ ಕಲತಂಗ" ಎಂದು ಮೊದಲ ದಿನವೇ ಮೇಡಂ ಹೇಳಿದ್ದರು. ತಲೆ ತರದವಳಿಗೆ ಆ ದಿನ ಕತ್ತರಿ ಇಲ್ಲ. "ಕಸಬರಗಿ ಐತಿ, ಹಿಡಿ" ಅನ್ನುತ್ತಿದ್ದರು. ಮಿಕ್ಕವರು ಕತ್ತರಿಸಿ ಉದುರಿಸಿದ ಕೂದಲನ್ನು ಸಂಜೆಯತನಕ ಗುಡಿಸುವುದೇ ಅವಳ ಕಲಿಕೆ.

ನಾನು ಮೊದಲ ಐದು ಬುಧವಾರಗಳಲ್ಲಿ ನಾಲ್ಕು ಗುಡಿಸಿದೆ.

ನಮ್ಮದು ಬ್ಯಾಡಗಿ. ನಮ್ಮವ್ವ ಮೆಣಸಿನಕಾಯಿ ಮಂಡಿಯಲ್ಲಿ ತೊಟ್ಟು ಬಿಡಿಸುವವಳು. ಬೆಳಗಿನಿಂದ ಸಂಜೆಯವರೆಗೆ ಕೆಂಪು ರಾಶಿಯ ಮುಂದೆ ಕುಳಿತು ಒಂದೊಂದೇ ಕಾಯಿಯ ತೊಟ್ಟು ಕಿತ್ತು ಹಾಕುವ ಕೆಲಸ. ನಾನೂ ಹನ್ನೆರಡನೇ ವಯಸ್ಸಿನಿಂದ ಅದೇ ರಾಶಿಯ ಮುಂದೆ ಕುಳಿತವಳು. ಕ್ಲಾಸಿಗೆ ಸೇರಿದ ಮೇಲೂ ಬೆಳಿಗ್ಗೆ ಆರಕ್ಕೆ ಮಂಡಿಗೆ ಹೋಗಿ, ಒಂಬತ್ತರವರೆಗೆ ತೊಟ್ಟು ಬಿಡಿಸಿ, ಕೈಗೆ ಸೋಪು ಹಚ್ಚಿ ತೊಳೆದುಕೊಂಡು, ಮೈಗೆಲ್ಲ ಪೌಡರು ಸುರಿದುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತುತ್ತಿದ್ದೆ. ಕ್ಲಾಸಿನಲ್ಲಿ ಮಾತ್ರ ನಮ್ಮಪ್ಪನದು ಬ್ಯಾಡಗಿಯಲ್ಲಿ ಕಿರಾಣಿ ಅಂಗಡಿ ಇದೆ ಎಂದು ಹೇಳಿದ್ದೆ. ಅಪ್ಪ ಎಲ್ಲಿದ್ದಾನೆಂದು ನಮಗೇ ಗೊತ್ತಿರಲಿಲ್ಲ. ಅಂಗಡಿಯಾದರೂ ಇರಲಿ ಅಂತ ಇಟ್ಟುಕೊಟ್ಟೆ.

ತಲೆ ತರುವುದು ಎಲ್ಲಿಂದ? ಅವ್ವನ ಜೊತೆಗಾರ್ತಿಯರನ್ನು ಕೇಳಿದೆ. ಒಬ್ಬ ಮುದುಕಿ, "ಹುಚ್ಚಿ, ತಲಿ ಕೂದಲಾ ದೇವರಿಗೆ ಕೊಡ್ತಾರ, ಗಂಡ ಸತ್ತರ ಕೊಡ್ತಿದ್ರು. ನಿನಗ್ಯಾಕ ಕೊಡೂನು?" ಎಂದು ನಕ್ಕಳು. ಅವ್ವನನ್ನು ಕೇಳಿದರೆ, "ಆರು ತಿಂಗಳು ಅಂದೀದಿ, ಆರು ತಿಂಗಳು ಆಡು. ಆಮ್ಯಾಲ ಸುಮ್ನ ರಾಶಿ ಮುಂದ ಬಂದು ಕುಂದ್ರು. ನನ್ನ ತಲಿ ತಂಟೆಗೆ ಬಂದರ ಕೈ ಮುರಿತೀನಿ" ಅಂದಳು. ಅವ್ವ ಮಾತಿಗೆ ತಪ್ಪುವವಳಲ್ಲ. ಒಮ್ಮೆ ಕೈ ಮುರಿಯುವ ಹತ್ತಿರ ಬಂದಿದ್ದಳು ಕೂಡ.

ಕೊನೆಗೆ ನಾನು ಬಸ್ಸಿನಲ್ಲಿ ತಲೆ ಹಿಡಿಯಲು ಶುರು ಮಾಡಿದೆ. ಪಕ್ಕದಲ್ಲಿ ಕುಳಿತವಳ ಜಡೆ ಹೊಗಳುವುದು, ತುದಿ ಸೀಳಿವೆ ಎಂದು ಹೆದರಿಸುವುದು, ಬರೀ ತುದಿ ಕತ್ತರಿಸಿದರೆ ಸೊಂಪಾಗಿ ಬೆಳೆಯುತ್ತದೆ ಎಂದು ನಂಬಿಸುವುದು. ಕಾಲೇಜಿಗೆ ಹೋಗುತ್ತಿದ್ದ ಒಬ್ಬ ಹುಡುಗಿ ಹೀಗೇ ಸಿಕ್ಕಿದಳು. ಸೊಂಟ ದಾಟಿದ ಕೂದಲು. ಕುರ್ಚಿಯಲ್ಲಿ ಕೂರುವಾಗ, "ಎರಡ ಬೆರಳು ಅಷ್ಟ, ಹಾಂ ಯಕ್ಕಾ?" ಅಂದಳು. ಆ ವಾರ ಮೇಡಂ ಕಲಿಸುತ್ತಿದ್ದುದು ಲೇಯರ್ ಕಟ್. ಎರಡು ಬೆರಳಿನಲ್ಲಿ ಲೇಯರ್ ಬರುವುದಿಲ್ಲ. ಹೂಂ ಎಂದು ಭುಜದವರೆಗೆ ಕತ್ತರಿಸಿದೆ. ನೆಲದ ಮೇಲೆ ತನ್ನ ಕೂದಲಿನ ಗುಪ್ಪೆ ನೋಡಿ ಆ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. "ನಮ್ಮಪ್ಪ ಮನಿಯಾಗ ಕರಕೊಳ್ಳೂದಿಲ್ಲ" ಅಂದಳು. ನನಗೆ ಅಯ್ಯೋ ಅನ್ನಿಸಲಿಲ್ಲ. ಅವಳು ಅಳುತ್ತ ತಲೆ ಅಲ್ಲಾಡಿಸಿದ್ದರಿಂದ ಬಲಗಡೆಯ ಲೇಯರ್ ಸೊಟ್ಟಗಾಯಿತಲ್ಲ ಎಂದು ಸಿಟ್ಟು ಬಂತು. ಮೇಡಂ ಬಂದು ನೋಡಿ, "ಎಡಗಡೆ ಚಲೋ ಬಂದೈತಿ" ಅಂದರು. ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದೆ.

ಕ್ಲಾಸಿನಲ್ಲಿ ತಲೆಗೆ ಬರವಿಲ್ಲದವಳು ಒಬ್ಬಳೇ. ಮೇಡ್ಲೇರಿಯ ಹುಡುಗಿ, ನನಗಿಂತ ಮೂರು ವರ್ಷ ಸಣ್ಣವಳು, ಹೊಲಮನೆಯವರ ಮಗಳು. ಬುಧವಾರ ಬಂತೆಂದರೆ ಚಿಕ್ಕಮ್ಮ, ಸೋದರತ್ತೆ, ಓಣಿಯ ಗೆಳತಿ ಎಂದು ಮೂರು ಮೂರು ತಲೆ ಬೆನ್ನಿಗೆ ಕಟ್ಟಿಕೊಂಡು ಬರುತ್ತಿದ್ದಳು. ಅವರೆಲ್ಲ ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಬಂದವರ ಹಾಗೆ ನಗುನಗುತ್ತ ಕುರ್ಚಿಯಲ್ಲಿ ಕೂರುತ್ತಿದ್ದರು. ಅವಳ ಕೈ ಅಂಥದ್ದು. ನಾವು ಬಾಚಣಿಕೆಯಲ್ಲಿ ಅಳೆದು ಅಳೆದು ಕತ್ತರಿಸುವಷ್ಟರಲ್ಲಿ ಅವಳು ಬೆರಳ ಸಂದಿಯಲ್ಲಿ ಕೂದಲು ಹಿಡಿದು, ಕಣ್ಣು ಕಿರಿದು ಮಾಡಿ, ಚಕಚಕ ಕತ್ತರಿಸಿ ಮುಗಿಸಿರುತ್ತಿದ್ದಳು. ಒಂದು ಎಳೆ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಮೇಡಂ ಆಕೆಗೆ ಬೈದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅವಳು ಒಳ್ಳೆಯವಳು. ಅದನ್ನು ಬರೆಯಲು ಈಗಲೂ ನನಗೆ ಕಷ್ಟವಾಗುತ್ತದೆ. ನಾನು ಕಸಬರಿಗೆ ಹಿಡಿದು ನಿಂತಾಗ ಹತ್ತಿರ ಬಂದು, "ಯಕ್ಕಾ, ನಮ್ಮ ಚಿಗವ್ವನ ತಲಿ ನೀ ಮಾಡು. ನನಗ ಒಂದ ಸಾಕು" ಅನ್ನುತ್ತಿದ್ದಳು. ಮಧ್ಯಾಹ್ನ ತನ್ನ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ನನ್ನ ಮುಂದಿಡುತ್ತಿದ್ದಳು. ತಿಂದೆ. ತಿನ್ನುವಾಗೆಲ್ಲ ಇವಳಿಗೇನು ಕಡಿಮೆ, ಕೊಡುವುದಕ್ಕೇನಂತೆ ಎಂದುಕೊಂಡು ತಿಂದೆ. ಉಂಡ ಮನೆಯ ಜಂತೆ ಎಣಿಸುವುದು ಅನ್ನುತ್ತಾರಲ್ಲ, ನಾನು ಉಣ್ಣುತ್ತಲೇ ಎಣಿಸುತ್ತಿದ್ದೆ. ಒಮ್ಮೆ ಕತ್ತರಿ ಹಿಡಿಯುವುದನ್ನು ತೋರಿಸಲು ನನ್ನ ಬೆರಳು ಹಿಡಿದವಳು ಸೀನಿದಳು. ಮತ್ತೊಮ್ಮೆ ಸೀನಿದಳು. ನನ್ನ ಉಗುರಿನ ಸಂದಿಯ ಕೆಂಪು ನೋಡಿ, ಮೆಲ್ಲಗೆ, "ನಮ್ಮ ಹೊಲದಾಗೂ ಮೆಣಸಿನಕಾಯಿ ಹಾಕತೀವಿ ಯಕ್ಕಾ" ಅಂದಳು. ಅಂಗಡಿಯ ಸುಳ್ಳು ಅವಳಿಗೆ ತಿಳಿದುಹೋಯಿತು. ಯಾರಿಗೂ ಹೇಳಲಿಲ್ಲ. ಅದಕ್ಕಾಗಿಯೇ ಅವಳನ್ನು ಇನ್ನಷ್ಟು ದ್ವೇಷಿಸಿದೆ.

ಐದೂವರೆ ತಿಂಗಳಿಗೆ ಮೇಡಂ ಒಂದು ಸುದ್ದಿ ಹೇಳಿದರು. ಹಾವೇರಿಯಲ್ಲಿ ದೊಡ್ಡ ಪಾರ್ಲರ್ ನಡೆಸುವ ಅವರ ಗೆಳತಿಗೆ ಒಬ್ಬ ಹುಡುಗಿ ಬೇಕು. ಕೊನೆಯ ಬುಧವಾರ ಆಕೆಯೇ ಬಂದು, ಎಲ್ಲರ ಕೈ ನೋಡಿ, ಒಬ್ಬಳನ್ನು ಆರಿಸುತ್ತಾರೆ. ಕಲಿತವರೆಲ್ಲ ಮನೆ ಸೇರಿ ನೆಂಟರ ಹುಬ್ಬು ತಿದ್ದಿಕೊಂಡಿರುವ ಊರು ನಮ್ಮದು. ಅಂಥಲ್ಲಿ ತಿಂಗಳ ಸಂಬಳ, ಇರಲು ಕೋಣೆ, ನಿಲ್ಲಲು ಒಂದು ಕುರ್ಚಿ. "ಮೇಡ್ಲೇರಿಯಾಕಿನ ಒಂದನೇ ನಂಬರ್" ಎಂದು ಮೇಡಂ ಎಲ್ಲರೆದುರೇ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, "ಎರಡನೇದು ನೀ. ಆದರ ಎರಡನೇ ಕುರ್ಚಿ ಇಲ್ಲ" ಅಂದರು. ಎರಡನೆಯವಳಿಗೆ ಇದ್ದದ್ದು ಮೆಣಸಿನಕಾಯಿ ರಾಶಿ. ಅವ್ವ ಆಗಲೇ ಮಂಡಿಯಲ್ಲಿ ನನ್ನ ಜಾಗ ಕೇಳಿ ಇಟ್ಟಿದ್ದಳು.

ಆ ಬುಧವಾರ ಬೆಳಿಗ್ಗೆ ಮಂಡಿಗೆ ಗುಂಟೂರಿನ ಕಾಯಿ ಬಂದಿತ್ತು. ಬ್ಯಾಡಗಿ ಮೆಣಸಿನಕಾಯಿಯ ಹೆಸರು ಬಣ್ಣಕ್ಕೆ, ಖಾರಕ್ಕಲ್ಲ. ಅದರ ತೊಟ್ಟು ಬಿಡಿಸಿದ ಕೈಗೆ ಸೋಪು ಹಚ್ಚಿದರೆ ಸಾಕಾಗುತ್ತದೆ. ಗುಂಟೂರಿನದು ಬೇರೆ ಜಾತಿ. ಅದರ ರಾಶಿಯ ಮುಂದೆ ಕುಳಿತವರು ಸಂಜೆ ಮಕ್ಕಳನ್ನು ಮುಟ್ಟುವುದಿಲ್ಲ. ಅವ್ವ ಕೂಗಿ ಹೇಳಿದಳು, "ಇವತ್ತ ಸೋಪಿಗೆ ಹೋಗೂದಿಲ್ಲ ನೋಡ, ಎಣ್ಣಿ ಹಚ್ಚಿ ತೊಳಕೋ." ಬಸ್ಸು ತಪ್ಪೀತೆಂದು ನಾನು ಸೋಪು ತಿಕ್ಕಿ ಓಡಿದೆ. ಕ್ಲಾಸು ಮುಟ್ಟುವಷ್ಟರಲ್ಲಿ ಕೈಗಂಟಿದ ಖಾರವನ್ನೇ ಮರೆತೆ. ಅದು ಖರೇನೇ ಮರೆವು. ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಆಮೇಲೆ ನಡೆದದ್ದು ಮರೆವಲ್ಲ.

ಅಂದು ನನ್ನ ತಲೆ ಬರಲಿಲ್ಲ. ಬಸ್ಸಿನಲ್ಲಿ ಪರಿಚಯವಾದ ಒಬ್ಬ ನರ್ಸು ಬರುತ್ತೇನೆ ಎಂದಿದ್ದವರು ಡ್ಯೂಟಿ ಬದಲಾಯಿತೆಂದು ಫೋನ್ ಮಾಡಿದರು. ಹಾವೇರಿಯ ಮಾಲಕಿ ಅಷ್ಟರಲ್ಲಿ ಬಂದು ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಮೇಡಂ ಅವರೆದುರೇ, "ಆರು ತಿಂಗಳ ಕಲತು ಕಡೀ ದಿನ ಒಂದ ತಲಿ ತರಾಕ ಆಗಲಿಲ್ಲ ಈಕಿಗೆ. ಹೋಗು, ಮೇಡ್ಲೇರಿಯಾಕಿ ತಂದ ತಲಿ ತೊಳದು ಕೊಡು. ಅಷ್ಟರ ಬರತೈತಿಲ್ಲೋ?" ಅಂದರು. ಮೈಯೆಲ್ಲ ಉರಿಯಿತು. ಅವಳಿಗೆ ತೊಳೆದುಕೊಡಬೇಕು, ಅವಳು ಕತ್ತರಿಸಿ ಹೊಗಳಿಸಿಕೊಳ್ಳಬೇಕು.

ಮೇಡ್ಲೇರಿಯವಳು ಆ ದಿನ ತಂದದ್ದು ತನ್ನ ಒಡಹುಟ್ಟಿದ ಅಕ್ಕನ ತಲೆ. ಎಂಟು ದಿನಕ್ಕೆ ಆ ಅಕ್ಕನ ಮದುವೆ. ಮದುಮಗಳ ತಲೆಗೆ ಶಾಂಪೂ ಬೇಡ ಎಂದು ಅವರವ್ವ ಮನೆಯಲ್ಲೇ ಸೀಗೆಕಾಯಿ ಕುಟ್ಟಿ ಕಳಿಸಿದ್ದಳು. ಮೇಡಂ ಮೂಗು ಮುರಿದರು. ಹಾವೇರಿಯವರು, "ಇರಲಿ ಬಿಡ್ರಿ, ಮದುವಿ ಗಿರಾಕಿ ಈಗ ಇದನ್ನ ಕೇಳ್ತಾರ" ಅಂದರು. ಮೇಡ್ಲೇರಿಯವಳು ನನ್ನ ಕೈಗೆ ಸೀಗೆಕಾಯಿಯ ಬಟ್ಟಲು ಕೊಟ್ಟು, "ಯಕ್ಕಾ, ಸಾವಕಾಶ" ಎಂದು ನಕ್ಕು, ಕ್ಲಿಪ್ಪು ಹೂವು ಜೋಡಿಸಲು ಹೋದಳು.

ಮದುಮಗಳು ಬೇಸಿನ್ನಿನ ಮೇಲೆ ಕುತ್ತಿಗೆಯಿಟ್ಟು ಕಣ್ಣು ಮುಚ್ಚಿದಳು. ಬಿಸಿನೀರು ಹಾಕಿ, ಸೀಗೆಕಾಯಿ ಹಚ್ಚಿ ತಿಕ್ಕಿದೆ. ಸಿಟ್ಟಿನಲ್ಲಿದ್ದೆನಲ್ಲ, ಸ್ವಲ್ಪ ಜೋರಾಗಿಯೇ ತಿಕ್ಕಿದೆ. ನೊರೆ ಹಣೆಗೆ ಇಳಿಯಿತು. "ಕಣ್ಣ ಚುರುಚುರು ಅಂತಾವ" ಅಂದಳು. ನಾನು ಹೆಬ್ಬೆರಳಿನಿಂದ ಎರಡೂ ಕಣ್ಣು ಒರೆಸಿದೆ. ರೆಪ್ಪೆಯ ಮೇಲೆ, ಮೂಲೆಯಲ್ಲಿ, ಚೆನ್ನಾಗಿ ಒತ್ತಿ ಒರೆಸಿದೆ.

ಹತ್ತು ಎಣಿಸುವಷ್ಟೂ ಆಗಿರಲಿಲ್ಲ. "ಯವ್ವಾ, ಸತ್ತೇ! ಕಣ್ಣ ಹೋದುವು!" ಎಂದು ಕಿರುಚಿ ಎದ್ದು ಬಿದ್ದಳು. ಕೆಳಗಿನ ಬಟ್ಟೆ ಅಂಗಡಿಯವರು ಮೆಟ್ಟಿಲ ತನಕ ಓಡಿ ಬಂದರು. ನಾನು ನನ್ನ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದೆ. ಬೆಂಕಿ. ಅಲ್ಲೇ ಗೊತ್ತಾಯಿತು.

"ಏನ ಹಚ್ಚೀದಿ ತಲಿಗೆ?" ಮೇಡಂ ಕೂಗಿದರು.

ಗುಂಟೂರು ಮೆಣಸಿನಕಾಯಿ ಎಂದು ಹೇಳಲು ಎರಡೇ ಶಬ್ದ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಸೀಗಿಕಾಯಿ ಮೇಡಂ. ಬ್ಯಾಡ, ಶಾಂಪೂ ಹಾಕೂಣು ಅಂದೆ. ಆಕಿ ಕೇಳಲಿಲ್ಲ." ಶಾಂಪೂ ಹಾಕೋಣ ಎಂದು ನಾನು ಯಾರಿಗೂ ಅಂದೇ ಇರಲಿಲ್ಲ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತ್ತಂತೆ. ಕೋತಿಯಾದರೂ ಸ್ವಲ್ಪ ಯೋಚನೆ ಮಾಡಿರಬೇಕು, ನನಗೆ ಅಷ್ಟೂ ಹೊತ್ತು ಹಿಡಿಯಲಿಲ್ಲ.

ಮೇಡ್ಲೇರಿಯವಳು ಓಡಿ ಬಂದು ಅಕ್ಕನ ಮುಖಕ್ಕೆ ಬಿಸಿನೀರು ಎರಚಿದಳು. ಅಕ್ಕ ಇನ್ನೂ ಜೋರಾಗಿ ಚೀರಿದಳು. ಉಳಿದ ಹುಡುಗಿಯರು ಗೋಡೆಗೆ ಅಂಟಿ ನಿಂತಿದ್ದರು. ನಾನು ಅವಳ ಕೈಯಿಂದ ಚೊಂಬು ಕಿತ್ತುಕೊಂಡೆ. ಮಂಡಿಯಲ್ಲಿ ದಿನಕ್ಕೊಬ್ಬರ ಕಣ್ಣಿಗೆ ಖಾರ ಬೀಳುತ್ತದೆ, ಏನು ಮಾಡಬೇಕೆಂದು ನನಗೆ ಬಾಯಿಪಾಠ. ಮೊದಲು ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗೆ ಸುತ್ತಿಕೊಂಡೆ. ಕೆಳಗಿನ ಚಹಾದಂಗಡಿಯಿಂದ ತಣ್ಣನೆಯ ಹಾಲು ತರಿಸಿ ಕಣ್ಣಿಗೆ ಹನಿಸಿದೆ. ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ಹಣೆ, ರೆಪ್ಪೆಯ ಸುತ್ತ ಒರೆಸಿದೆ, ಹತ್ತಿ ಬದಲಿಸಿದೆ, ಮತ್ತೆ ಒರೆಸಿದೆ. "ಉಸುರು ಬಿಡು, ತಿಕ್ಕಬ್ಯಾಡ, ಆತು, ಆತು" ಎಂದು ಹೇಳುತ್ತಲೇ ಇದ್ದೆ. ಕಾಲು ಗಂಟೆಗೆ ಅವಳ ಕಿರುಚಾಟ ನರಳಾಟವಾಯಿತು. ಕಣ್ಣು ಬಾತು ಎರಡು ಗೆರೆಗಳಷ್ಟೇ ಉಳಿದಿದ್ದವು.

ಮೇಡಂ ಅಷ್ಟು ದಿನ ಉಳಿಸಿಟ್ಟ ಬೈಗುಳವನ್ನೆಲ್ಲ ಅವತ್ತು ಮೇಡ್ಲೇರಿಯವಳ ಮೇಲೆ ಸುರಿದರು. "ಒಡಹುಟ್ಟಿದಾಕಿ ಕಣ್ಣ ಸುಟ್ಟಿ, ನಾಳೆ ಮಂದಿ ಕಣ್ಣ ಸುಡ್ತಿ. ನನ್ನ ಹೆಸರಿನ ಸರ್ಟಿಫಿಕೇಟು ನಿನಗ ಕೊಡೂದಿಲ್ಲ. ಹೊಲಾ ಐತೆಲ್ಲ? ಹೋಗಿ ಕಳೆ ಕೀಳು." ಅವಳು ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು. ಸೀಗೆಕಾಯಿಯ ಬಟ್ಟಲನ್ನು ಮೇಡಂ ಬಚ್ಚಲಿಗೆ ಎಸೆದರು.

ಹಾವೇರಿಯವರು ಎದ್ದು ನನ್ನ ಹತ್ತಿರ ಬಂದರು. "ಎಲ್ಲಾರೂ ಗ್ವಾಡಿಗೆ ನಿಂತ್ರು. ಈಕಿ ಒಬ್ಬಾಕಿ ಕೈ ನಡುಗಲಿಲ್ಲ" ಎಂದು ಮೇಡಂಗೆ ಹೇಳಿದರು. "ಕಟಿಂಗ್ ನಾ ಕಲಸ್ತೀನಿ. ಈ ಧೈರ್ಯ ಕಲಸಾಕ ಬರೂದಿಲ್ಲ." ಆಮೇಲೆ ನನಗೆ, "ಸೋಮವಾರ ಬಾ" ಅಂದರು.

ನಾನು ಹೂಂ ರಿ ಅಂದೆ. ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ, ಆ ಹೊತ್ತಿಗೆ ಸಂತೋಷವೇ ಆಯಿತು.

ಸಂಜೆ ಕೈ ತೊಳೆಯಲು ಎಣ್ಣೆ ಬಾಟಲಿ ಹಿಡಿದು ಮೆಟ್ಟಿಲ ಕಟ್ಟೆಗೆ ಹೋದೆ. ಮೇಡ್ಲೇರಿಯವಳು ಅಕ್ಕನನ್ನು ಕೆಳಗೆ ಅಂಗಡಿಯ ಮುಂದೆ ಕೂರಿಸಿ, ಬಿಟ್ಟುಹೋದ ಚೀಲ ತೆಗೆದುಕೊಳ್ಳಲು ಮೇಲೆ ಬರುತ್ತಿದ್ದಳು. ನನ್ನ ಕೈ ನೋಡಿದಳು, ಬಾಟಲಿ ನೋಡಿದಳು. ಎರಡು ಮೆಟ್ಟಿಲು ಕೆಳಗೇ ನಿಂತಳು.

"ಯಕ್ಕಾ, ಸೀಗಿಕಾಯಿ ಕಣ್ಣಾಗ ಹೋದರ ನೀರ ಹಾಕ್ತಾರ. ಎಣ್ಣಿ ಹಚ್ಚೂದಿಲ್ಲ" ಅಂದಳು. "ಎಣ್ಣಿ ಖಾರಕ್ಕ ಹಚ್ತಾರ."

ಅವಳು ಕೂಗಾಡಿದರೆ ಏನು ಹೇಳಬೇಕೆಂದು ನಾನು ಆಗಲೇ ಸಿದ್ಧಳಾಗಿದ್ದೆ. ಕುರ್ಚಿ ತಪ್ಪಿತೆಂದು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಅನ್ನುವುದು. "ಹಂಗಾರ ಹೋಗಿ ಹೇಳು. ಹಾವೇರಿಯವರು ಇನ್ನೂ ಒಳಗ ಅದಾರ" ಅಂದೆ.

"ನಾ ಹೇಳ್ತೀನಿ, ನೀ ಅಲ್ಲ ಅಂತಿ. ಕೆಳಗ ಆಕಿ ನರಳಾಕತ್ತಾಳ, ನನಗ ಈಗ ಅದಕ್ಕ ಟೈಮ್ ಇಲ್ಲ." ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ಎಂಟು ದಿನಕ್ಕ ಮದುವಿ ಐತಿ ಯಕ್ಕಾ. ಮನಿಗೆ ಹೋಗಿ ಮತ್ತ ಎಣ್ಣಿ ಹಚ್ಚಬೇಕೇನು? ಎಷ್ಟ ಸಲ? ಅಷ್ಟ ಹೇಳು."

ನನಗೆ ಗೊತ್ತಿಲ್ಲ ಎಂದುಬಿಟ್ಟಿದ್ದರೆ ನನ್ನ ಸುಳ್ಳು ಗಟ್ಟಿಯಾಗಿ ನಿಲ್ಲುತ್ತಿತ್ತು. ಹೇಳಿದರೆ ಒಪ್ಪಿಕೊಂಡ ಹಾಗೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಎರಡ ಸಲ" ಅಂದೆ. "ಹತ್ತಿಲೆ ಒರಸು. ತಿಕ್ಕಬ್ಯಾಡ. ಬಿಸಿನೀರ ತಾಗಸಬ್ಯಾಡ. ನಾಡಿದ್ದು ಅನ್ನೂದರಾಗ ಬಾವು ಇಳಿತೈತಿ."

"ಎರಡ ಸಲ, ಹತ್ತಿಲೆ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ನನ್ನನ್ನು ದಾಟಿ ಒಳಗೆ ಹೋಗಿ ಚೀಲ ತಂದಳು. ಬುತ್ತಿಯ ಡಬ್ಬಿ ಹಾಗೇ ತುಂಬಿತ್ತು, ಆ ದಿನ ಯಾರೂ ಉಂಡಿರಲಿಲ್ಲ. ಇಳಿಯುವಾಗ ನನಗೆ ತಾಗದ ಹಾಗೆ ಗೋಡೆಯ ಕಡೆಗೆ ಸರಿದುಕೊಂಡು ಇಳಿದಳು.

ಅಷ್ಟೇ ಆದದ್ದು. ನಾನು ಒಳಗೆ ಹೋಗಿ ನಾಲ್ಕು ಮಾತು ಹೇಳಬಹುದಿತ್ತು, ಹಾವೇರಿಯವರು ಚಹಾ ಕುಡಿಯುತ್ತ ಕುಳಿತೇ ಇದ್ದರು. ಆಮೇಲೆಯೂ ಎಷ್ಟೋ ವರ್ಷ ಸಿಕ್ಕವು. ಮೇಡ್ಲೇರಿ ದೂರವೇನಲ್ಲ. ಹೋಗಲಿಲ್ಲ. ಹೇಳಿದ್ದರೆ ಕುರ್ಚಿ ಅವಳದಾಗುತ್ತಿತ್ತು. ನನಗೆ ಕುರ್ಚಿ ಬೇಕಿತ್ತು. ಸೋಮವಾರ ಬೆಳಿಗ್ಗೆ ಹಾವೇರಿಯ ಬಸ್ಸು ಹತ್ತಿದೆ.